ಹಿಡಿಗೆ ಕಟ್ಟಿದ ಹಸಿ ಗರಿ

ಇದನ್ನು ಬರೆಯಲು ಬಹಳ ತಡ ಮಾಡಿದ್ದೇನೆ. ನಿವೃತ್ತನಾದ ವರ್ಷವೇ ಬರೆಯಬೇಕೆಂದುಕೊಂಡೆ, ಮಗಳ ಮದುವೆ ಬಂತು. ಮದುವೆ ಮುಗಿಯಲಿ ಎಂದುಕೊಂಡೆ, ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಮೇಲೆ ನೆಪ ಹುಡುಕುವ ಶ್ರಮವನ್ನೂ ಬಿಟ್ಟು ಸುಮ್ಮನೆ ಕೂತೆ. ನಮ್ಮ ಸೆಕ್ಷನ್ನಿಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ಮನೆಗೆ ಬಂದು, "ನಿಮ್ ಕಾಲದಲ್ಲಿ ಕೆಲ್ಸ ಹೆಂಗಿತ್ತು ಹೇಳಿ ತಾತ" ಎನ್ನುತ್ತಾರೆ. ಗಾಳಿಮಳೆಯಲ್ಲಿ ಕಂಬ ಹತ್ತಿದ್ದನ್ನು ಹೇಳುತ್ತೇನೆ. ಕಾಫಿ ಕುಡಿದು ನಗುತ್ತ ಹೋಗುತ್ತಾರೆ. ಹೇಳಬೇಕಾದ್ದು ನನ್ನಲ್ಲೇ ಉಳಿಯುತ್ತದೆ. ನಾಳೆ ಅವರು ಹತ್ತುವುದು ನಾನು ಹತ್ತಿದ ಕಂಬಗಳನ್ನೇ. ಇನ್ನು ಸುಮ್ಮನಿರುವುದು ಸರಿಯಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ, ಎಪ್ಪತ್ತರ ದಶಕದ ಮೊದಲಲ್ಲಿ ವಿದ್ಯುತ್ ಇಲಾಖೆಗೆ ದಿನಗೂಲಿಯಾಗಿ ಸೇರಿದೆ. ಆಮೇಲೆ ಲೈನ್‌ಮನ್ ಆದೆ. ಅದರ ಮೇಲಿನ ಬಡ್ತಿಗಳ ಮಾತು ಯಾರಿಗೂ ಬೇಕಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನೊಳಗೇ ನನ್ನ ಕೆಲಸದ ಆಯುಸ್ಸು ಮುಗಿಯಿತು. ತೆಂಗಿನ ಸೀಮೆಯಲ್ಲಿ ಲೈನ್‌ಮನ್ ಕೆಲಸ ಎಂದರೆ ಅರ್ಧ ಕರೆಂಟಿನ ಕೆಲಸ, ಅರ್ಧ ಗರಿಯ ಕೆಲಸ. ಗಾಳಿ ಬೀಸಿತೆಂದರೆ ಗರಿ ತಂತಿಯ ಮೇಲೆ ಬಿತ್ತು. ಗರಿ ಬಿತ್ತೆಂದರೆ ಫ್ಯೂಸ್ ಹೋಯಿತು. ಫ್ಯೂಸ್ ಹೋಯಿತೆಂದರೆ ಸೈಕಲ್ ಹತ್ತಿ ಯಾರೋ ಬಂದರು.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಬಯ್ಗುಳದಲ್ಲೇ ಪಾಠ ಮಾಡುತ್ತಿದ್ದ. ಒಂದು ದಿನ ನಾನು ಸತ್ತ ಲೈನೆಂದು ನಂಬಿ ಅಂಗೈಯಲ್ಲಿ ತಂತಿ ಹಿಡಿಯಲು ಹೋದಾಗ ಕೆಳಗಿನಿಂದ ಕೂಗಿದ. "ಅಂಗೈ ಇಡ್ತೀಯೇನ್ಲಾ ಮುಂಡೇದೆ! ಅಂಗೈಗೆ ಕರೆಂಟ್ ಹೊಡುದ್ರೆ ಕೈ ಮುಚ್ಕೊಂಡು ತಂತೀನೇ ಹಿಡ್ಕೊಂತದೆ. ಇಳಿ ಕೆಳಿಕೆ!" ಇಳಿದ ಮೇಲೆ ಕೆನ್ನೆಗೆ ಒಂದು ಕೊಟ್ಟ. ಆಮೇಲೆ ತನ್ನ ಎಲೆಯಡಿಕೆ ಚೀಲ ಬಿಚ್ಚಿ ನನಗೂ ಕೊಟ್ಟ. "ಯಾವ ಲೈನೂ ಸತ್ತಿಲ್ಲ ಅಂತ್ಲೇ ತಿಳ್ಕೊ. ಅವಾಗ ನೀನು ಬದುಕ್ತೀಯ" ಎಂದ. ರಬ್ಬರಿನ ಕೈಗವಸು ಇಲಾಖೆಯಿಂದ ಬರುತ್ತಿರಲಿಲ್ಲವೆಂದಲ್ಲ. ಬಂದವು ಆಫೀಸಿನ ಬೀರುವಿನಲ್ಲಿ ಬೀಗದೊಳಗಿದ್ದವು. ತನಿಖೆಗೆ ಸಾಹೇಬರು ಬಂದ ದಿನ ಹೊರಗೆ ಬಂದು, ಅವರು ಹೋದ ಮೇಲೆ ಮತ್ತೆ ಒಳಗೆ ಹೋಗುತ್ತಿದ್ದವು.

ಆಗ ಹಳ್ಳಿಗಳಲ್ಲಿ ಫೋನಿಲ್ಲ. ಟ್ರಾನ್ಸ್‌ಫಾರ್ಮರನ್ನು ನಮ್ಮ ಕಡೆ ಎಲ್ಲರೂ ಟಿ.ಸಿ. ಎನ್ನುತ್ತಾರೆ. ಟಿ.ಸಿ. ಕಂಬದ ಬುಡದಲ್ಲಿ ಒಂದು ಕಬ್ಬಿಣದ ಹಿಡಿ ಇರುತ್ತದೆ. ಅದನ್ನು ಕೆಳಕ್ಕೆಳೆದರೆ ಊರಿಗೆ ಕರೆಂಟ್ ನಿಲ್ಲುತ್ತದೆ, ಮೇಲಕ್ಕೊತ್ತಿದರೆ ಬರುತ್ತದೆ. ಲೈನ್‌ಮನ್ ಹಿಡಿ ಕೆಳಗೆಳೆದು, ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಕಂಬ ಹತ್ತಬೇಕು. ಇಲಾಖೆಯ ನಿಯಮ ಅದು. ಬೀಗ ಮಾತ್ರ ನಮಗೆ ಕೊಟ್ಟಿರಲಿಲ್ಲ. ಅದಕ್ಕೇ ನಾವೇ ಒಂದು ರೂಢಿ ಮಾಡಿಕೊಂಡಿದ್ದೆವು. ಹಿಡಿ ಕೆಳಗೆಳೆದ ಮೇಲೆ ಒಂದು ಹಸಿ ತೆಂಗಿನ ಗರಿ ಕೊಯ್ದು ಹಿಡಿಗೆ ಕಟ್ಟುವುದು. ಗರಿ ಇದ್ದರೆ ಮೇಲೆ ಮನುಷ್ಯ ಇದ್ದಾನೆ, ಲೈನಿನಲ್ಲಿ ಕರೆಂಟಿಲ್ಲ, ಯಾರೂ ಹಿಡಿ ಮುಟ್ಟಬಾರದು. ಕೆಲಸ ಮುಗಿಸಿ ಗರಿ ಬಿಚ್ಚಿ ಎಸೆದು ಕರೆಂಟ್ ಕೊಡುವುದು. ಇದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಆದರೆ ದನ ಕಾಯುವವರಿಗೂ ಗೊತ್ತಿತ್ತು. ಟಿ.ಸಿ.ಯ ಹತ್ತಿರ ಆಡುವ ಮಕ್ಕಳೂ "ಗರಿ ಐತೆ ಕಣ್ರೋ, ಬನ್ರೋ ಈಚೆಗೆ" ಎನ್ನುತ್ತಿದ್ದವು.

ಕಳ್ಳ ಕರೆಂಟಿನ ಕೇಸುಗಳು ಬೇಕಾದಷ್ಟು. ಕೆಂಕೆರೆ ಕಡೆ ಒಬ್ಬರ ಮನೆಯಲ್ಲಿ ಮೀಟರಿಲ್ಲದೆ ಬಲ್ಬು ಉರಿಯುತ್ತಿತ್ತು. ತಂತಿಗೆ ಕೊಕ್ಕೆ ಹಾಕಿ, ಆ ವೈರನ್ನು ಮಟ್ಟೆ ರಾಶಿಯೊಳಗಿಂದ ಎಳೆದಿದ್ದರು.

"ಇದೇನು ಯಜಮಾನ್ರೇ?" ಎಂದೆ.

"ಅದಾ? ಪಕ್ಕದ ಮನೆ ಕರೆಂಟ್ ಕಣ್ರೀ. ನೆಂಟ್ರ ಹಂಗೆ ಎರಡು ದಿವ್ಸ ಇದ್ದು ಹೋಗಾಕೆ ಬಂದೈತೆ."

"ಮಟ್ಟೆ ರಾಶೀಲಿ ಯಾಕೆ ಮಲಗೈತೆ ನೆಂಟ?"

"ನಾಚ್ಕೆ ಸ್ವಭಾವ."

ನಕ್ಕುಬಿಟ್ಟೆ. ಕೊಕ್ಕೆ ಕಿತ್ತುಹಾಕಿ ಕೇಸು ಬರೆಯದೆ ಬಂದೆ. ಸೈಕಲಿನ ಹಿಂದೆ ಅರ್ಧ ಚೀಲ ಕಾಯಿ ಕಟ್ಟಿಸಿದರು. ಮನೆಗೆ ತಂದೆ. ಆಗೆಲ್ಲ ಹೀಗೆ ತರುವುದು ತಪ್ಪೆಂದು ನನಗೆ ಅನ್ನಿಸುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹತ್ತಾರು ವರ್ಷ ಯಾರೂ ಕಾಯಿ ಕೊಂಡವರಲ್ಲ.

ನನಗೆ ಒಂದು ಕಾಯನ್ನೂ ಕೊಡದ ತೋಟದವರು ಆ ಸೀಮೆಯಲ್ಲಿ ಒಬ್ಬರೇ. ಶೆಟ್ಟಿಕೆರೆಯಿಂದ ಸೈಕಲಿನಲ್ಲಿ ಹೋಗುವಷ್ಟು ದೂರದ ಒಂದು ಸಣ್ಣ ಊರಿನವರು. ಎಲ್ಲರೂ ಅವರನ್ನು ತೋಟದಯ್ಯ ಎನ್ನುತ್ತಿದ್ದರು. ನಾನೂ ಸದ್ಯಕ್ಕೆ ಹಾಗೆಯೇ ಬರೆಯುತ್ತೇನೆ. ಊರೊಳಗೆ ಚೆನ್ನಾದ ತೊಟ್ಟಿ ಮನೆ ಇದ್ದರೂ ತೋಟದಲ್ಲಿ ಹಗ್ಗದ ಮಂಚ ಹಾಕಿ ಮಲಗುತ್ತಿದ್ದರು. ಮಳೆ ಬಂದರೆ ಮಾತ್ರ ಸೂರಿನ ಕೆಳಗೆ. ಅವರ ಹೆಂಡತಿ ಗಿರಿಜಮ್ಮನವರು, "ನಮ್ಮೆಜಮಾನ್ರು ಮನುಷ್ಯರಾಗಿ ಹುಟ್ಟಿದ್ದೇ ತಪ್ಪು ಕಣಪ್ಪ. ಮರಕುಟಿಗ ಆಗ್ಬೇಕಿತ್ತು" ಎಂದು ಎದುರಿಗೇ ಹಾಸ್ಯ ಮಾಡುತ್ತಿದ್ದರು. ಅಯ್ಯ, "ಆಗಿದ್ರೆ ನೀನು ಪೊಟರೇಲಿ ಕೂತು ರೊಟ್ಟಿ ತಟ್ಟಬೇಕಿತ್ತು ಕಣೇ" ಎಂದು ತಿರುಗಿ ಹೇಳುತ್ತಿದ್ದರು. ಬಿಡುವು ಸಿಕ್ಕಿತೆಂದರೆ ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು, ಮದಲಿಂಗನ ಕಣಿವೆಯ ಗುಡ್ಡ ಹತ್ತುತ್ತಿದ್ದರು. ಆ ಕಾಲದಲ್ಲಿ ಹೆಂಡತಿಯ ಜೊತೆ ಸುಮ್ಮನೆ ಗುಡ್ಡ ನೋಡಲು ಹೋಗುವವರನ್ನು ಜನ ವಿಚಿತ್ರವಾಗಿ ನೋಡುತ್ತಿದ್ದರು.

ಅವರ ಕಣ್ಣಿನಂಥ ಕಣ್ಣನ್ನು ನಾನು ಕಂಡಿಲ್ಲ. ಕೆರೆ ಏರಿಯ ಮೇಲೆ ನಿಂತು, ಆಚೆ ದಡದ ಮೇಲೆ ಹಾರುವ ಚುಕ್ಕೆಯೊಂದನ್ನು ತೋರಿಸಿ, "ಗರುಡ ಅಲ್ಲ, ಹದ್ದು. ಬಾಲ ನೋಡು, ಕವಲಾಗೈತೆ" ಎನ್ನುತ್ತಿದ್ದರು. ನನಗೆ ಬಾಲವಿರಲಿ, ಹಕ್ಕಿಯೇ ಕಾಣುತ್ತಿರಲಿಲ್ಲ. ಬುಡದಲ್ಲಿ ನಿಂತೇ ಯಾವ ಮರದ ಸುಳಿಗೆ ದುಂಬಿ ಬಿದ್ದಿದೆ ಎಂದು ಹೇಳುತ್ತಿದ್ದರು.

ಊರಿನ ಕೆರೆಯ ಹೂಳು ತೆಗೆಸಲು ಬೇಸಿಗೆಯಲ್ಲಿ ಗಾಡಿಗಳನ್ನು ಸೇರಿಸುತ್ತಿದ್ದರು, ತಾವೇ ಮೊದಲ ಗಾಡಿ ಹೊಡೆಯುತ್ತಿದ್ದರು. ಶಾಲೆಗೆ ಹೋಗುವ ದಾರಿಯ ಎರಡೂ ಕಡೆ ಹೊಂಗೆ, ಬೇವು ನೆಟ್ಟು ಮುಳ್ಳು ಕಟ್ಟಿದ್ದರು. ಊರ ಮಕ್ಕಳಿಗೆಲ್ಲ ಬಾವಿಯಲ್ಲಿ ಈಜು ಕಲಿಸಿದವರೂ ಅವರೇ. ಆ ಊರಿನ ಆಚೆ ಕೇರಿಗೆ ಕರೆಂಟ್ ಬರಬೇಕಾದರೆ ಲೈನು ಯಾರದಾದರೂ ತೋಟದ ನಡುವೆ ಹೋಗಬೇಕಿತ್ತು. ಯಾರೂ ಒಪ್ಪಲಿಲ್ಲ. ಅಯ್ಯ ತಮ್ಮ ತೋಟದಲ್ಲಿ ಹಾಯಿಸಿ ಎಂದರು. ಫಲ ಬಿಡುತ್ತಿದ್ದ ಮರಗಳನ್ನು ಕಡಿಸಿಕೊಟ್ಟು ಪರಿಹಾರವನ್ನೂ ಕೇಳಲಿಲ್ಲ. ಆ ಲೈನು ಎಳೆದವರಲ್ಲಿ ನಾನೂ ಒಬ್ಬ. ಹೊರಡುವಾಗ ರೂಢಿಯಂತೆ ಸೈಕಲಿನ ಕ್ಯಾರಿಯರ್ ಖಾಲಿ ಮಾಡಿಕೊಂಡು ನಿಂತೆ. ಅವರು ನೋಡಿ ನಕ್ಕರು.

"ಸಂಬ್ಳ ಕೊಡ್ತಾರಲ್ಲಪ್ಪ ನಂಜಪ್ಪ, ನಿಂಗೆ? ಹಸ್ದಿದ್ರೆ ಬಾ, ಉಣ್ಣು. ಕಾಯಿ ಯಾಕೆ?"

ಉಂಡೆ. ಆದರೆ ಆ ನಗುವನ್ನು ಒಳಗೇ ಇಟ್ಟುಕೊಂಡೆ. ಹುಡುಗರೇ, ಮುಂದಿನದಕ್ಕೆ ಇದೇ ಕಾರಣವೆಂದು ಹೇಳುತ್ತಿಲ್ಲ. ಇದೂ ಇತ್ತು ಎನ್ನುತ್ತಿದ್ದೇನೆ.

ಲೈನಿನ ಕೆಳಗೆ ಉಳಿದ ಮರಗಳ ಕಾಯಿ ಕೀಳಿಸುವ ವಿಷಯದಲ್ಲಿ ಅಯ್ಯ ಬಹಳ ಎಚ್ಚರ. ಕಾಯಿ ಕೀಳುವ ಹನುಮಯ್ಯ ಎಂಬವನು ಬಿದಿರಿನ ಗಳು ಬಿಟ್ಟು, ಹಗುರವಾದ ಕಬ್ಬಿಣದ ಪೈಪಿಗೆ ಕುಡುಗೋಲು ಬೆಸೆಸಿ ದೋಟಿ ಮಾಡಿಕೊಂಡಿದ್ದ. ಅದಕ್ಕೇ ಅಯ್ಯ ನನ್ನ ಜೊತೆ ಒಂದು ಮಾತು ಮಾಡಿಕೊಂಡರು. "ನೀನು ಗರಿ ಕಟ್ಟಿ ಲೈನ್ ಕೆಲ್ಸ ಮಾಡೋ ದಿವ್ಸ ನಂಗೆ ಹೇಳು. ಆ ಹೊತ್ನಾಗೆ ಲೈನ್ ಕೆಳಗಿನ ಮರ ಕೀಳಿಸ್ಕೊತೀನಿ. ಗರಿ ನೋಡ್ದೆ ಹನುಮಯ್ಯನ್ನ ಅಲ್ಲಿಗೆ ಬಿಡಾಕಿಲ್ಲ." ಕೆಲವು ವರ್ಷ ಹಾಗೆಯೇ ನಡೆಯಿತು. ನಾನು ಗರಿ ಕಟ್ಟುತ್ತಿದ್ದೆ, ಅವರು ತೋಟದಿಂದ ಅದನ್ನು ನೋಡುತ್ತಿದ್ದರು, ಆಮೇಲೆ ಹನುಮಯ್ಯ ದೋಟಿ ಎತ್ತುತ್ತಿದ್ದ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಆ ಲೈನಿನ ಜೋತುಬಿದ್ದ ತಂತಿ ಬಿಗಿಯಲು ಹೋದೆ. ಅಯ್ಯನಿಗೆ ಹೇಳಿದ್ದೆ. "ಮಧ್ಯಾಹ್ನದ ತನಕ ಲೈನ್ ನಿಮ್ದೇ ಅಯ್ಯ" ಎಂದಿದ್ದೆ. ಹಿಡಿ ಎಳೆದು ಗರಿ ಕಟ್ಟಿ ಕೆಲಸ ಶುರು ಮಾಡಿದೆ. ತಂತಿ ಬಿಗಿದು ಇಳಿಯುವಷ್ಟರಲ್ಲಿ ಸೆಕ್ಷನ್ ಆಫೀಸರು ಆಳು ಕಳಿಸಿದ್ದರು. ಅದೇ ಟಿ.ಸಿ.ಯಿಂದ ಕರೆಂಟ್ ಹೋಗುವ ಹಿಟ್ಟಿನ ಗಿರಣಿಯ ಧಣಿ ಆಫೀಸಿಗೆ ಹೋಗಿ ಕೂಗಾಡಿದ್ದನಂತೆ. ತಕ್ಷಣ ಲೈನ್ ಕೊಟ್ಟು ಆಫೀಸಿಗೆ ಬಾ ಎಂಬುದು ಹುಕುಂ.

ಹಿಡಿಯ ಹತ್ತಿರ ಬಂದೆ. ಗರಿ ಬಿಚ್ಚಲು ನೋಡಿದೆ. ಬಿಸಿಲಿಗೆ ಬಾಡಿ ಗಂಟು ಬಿಗಿದಿತ್ತು. ಕತ್ತಿ ಸೈಕಲಿನ ಚೀಲದಲ್ಲಿತ್ತು, ಸೈಕಲ್ ಬೇಲಿಯ ಆಚೆ. ಹೋಗಿ ತಂದಿದ್ದರೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ. ಅಯ್ಯನಿಗೆ ಹೇಳಿ ಬರಲು ತೋಟದೊಳಗೆ ಇಳಿಯಬೇಕಿತ್ತು. ಎರಡೂ ಮಾಡಲಿಲ್ಲ. ಗರಿ ಇದ್ದಂತೆಯೇ ಹಿಡಿ ಮೇಲಕ್ಕೊತ್ತಿ ಹೊರಟೆ.

ಹಗಲಾದ್ದರಿಂದ ಯಾವ ಬಲ್ಬೂ ಉರಿದು ಹೇಳುವಂತಿರಲಿಲ್ಲ. ತೋಟದ ಪಂಪನ್ನು ಯಾರೂ ಒತ್ತಿರಲಿಲ್ಲ. ಹಿಡಿಯ ಸುತ್ತ ಲಂಟಾನ ಬೆಳೆದಿತ್ತು. ದೂರಕ್ಕೆ ಅದು ಮೇಲಿದೆಯೋ ಕೆಳಗಿದೆಯೋ ಕಾಣುತ್ತಿರಲಿಲ್ಲ. ಗರಿ ಮಾತ್ರ ಕಾಣುತ್ತಿತ್ತು. ಅಯ್ಯ ಅದನ್ನು ನೋಡಿದರು. ಹನುಮಯ್ಯನಿಗೆ ಹೂಂ ಎಂದರು.

ಆಫೀಸಿಗೆ ಹೋಗುವ ದಾರಿಯಲ್ಲಿ ಶೆಟ್ಟಿಕೆರೆಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಕೂತಿದ್ದೆ. ಒಬ್ಬ ಸೈಕಲಿನಿಂದ ಹಾರಿ ಇಳಿದು, "ಲೈನ್‌ಮನ್ ಇಲ್ಲವ್ನಾ? ತೋಟದಯ್ಯನ ತ್ವಾಟದಾಗೆ ಹನುಮಯ್ಯಂಗೆ ಕರೆಂಟ್ ಹೊಡ್ದೈತೆ ಕಣ್ರಪ್ಪೋ" ಎಂದ. ಬಾಯಲ್ಲಿದ್ದುದನ್ನು ನುಂಗಿದೆನೋ ಉಗಿದೆನೋ ನೆನಪಿಲ್ಲ. ಹೋಗಿ ಮೊದಲು ಹಿಡಿ ಎಳೆದೆ. ಅದು ನನ್ನ ಕೆಲಸ. ಎರಡನೆಯದಾಗಿ ಮಾಡಿದ್ದು ಯಾರ ಕೆಲಸವೂ ಅಲ್ಲ. ಬಿಚ್ಚಲಾಗದಿದ್ದ ಅದೇ ಗಂಟನ್ನು ಹಲ್ಲಿನಿಂದ ಕಚ್ಚಿ ಹರಿದೆ. ಗರಿಯನ್ನು ತೋಟದೊಳಕ್ಕೆ ಎಸೆದೆ. ತೆಂಗಿನ ತೋಟದಲ್ಲಿ ಬಿದ್ದಿರುವ ಗರಿಗಳ ನಡುವೆ ಇನ್ನೊಂದು ಗರಿ. ದೇವರೂ ಹುಡುಕಲಾರ. ಎಲ್ಲರೂ ಹೆಣದ ಸುತ್ತ ಇದ್ದರು, ಯಾರೂ ನನ್ನನ್ನು ನೋಡಲಿಲ್ಲ.

ಕಾಯಿ ಆಯಲು ಬಂದಿದ್ದ ಹನುಮಯ್ಯನ ಹೆಂಡತಿ ಹೊನ್ನಮ್ಮ ಗಂಡನ ಕಾಲು ಹಿಡಿದುಕೊಂಡು ಕೂತಿದ್ದಳು. ಅಯ್ಯ ಅವನ ಎದೆಯನ್ನು ಒತ್ತುತ್ತಲೇ ಇದ್ದರು. ಸಾಕು ಎಂದು ಯಾರು ಹೇಳಿದರೂ ಬಿಡಲಿಲ್ಲ.

ಮಾರನೆಯ ದಿನ ಶಾಲೆಯ ಜಗಲಿಯಲ್ಲಿ ವಿಚಾರಣೆ. ಅದಕ್ಕೆ ಮುಂಚೆ ಸೆಕ್ಷನ್ ಆಫೀಸರು ನನ್ನನ್ನು ಪಕ್ಕಕ್ಕೆ ಕರೆದರು. ಏನಾಯಿತೆಂದು ಕೇಳಲಿಲ್ಲ. "ಗರಿ ಅನ್ನೋ ಪದ್ಧತಿ ಇಲಾಖೇಲಿ ಇಲ್ಲ. ಇಲ್ಲದ್ದನ್ನ ನೀನು ಕಟ್ಟೋಕೆ ಹೇಗಾಗುತ್ತೆ? ಹೆಂಡತಿ ಮಕ್ಕಳು ಇದಾರೆ ತಾನೇ?" ಎಂದಷ್ಟೇ ಹೇಳಿದರು. ಅವರನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಅವರು ಹೇಳದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಹಲ್ಲಿನಿಂದ ಗಂಟು ಹರಿದಾಗಲೇ ನನ್ನ ಹೇಳಿಕೆ ಆಗಿಹೋಗಿತ್ತು.

ಅಯ್ಯ ಇಡೀ ಊರಿನ ಎದುರು ನಿಂತು ಹೇಳಿದರು. "ಗರಿ ಇತ್ತು. ನಾನೇ ನೋಡಿದೆ. ನೋಡಿದ ಮ್ಯಾಲೇ ಹನುಮಯ್ಯಂಗೆ ಕೀಳು ಅಂದದ್ದು." ಆಮೇಲೆ ನನ್ನ ಕಡೆ ತಿರುಗಿ ಬಹಳ ಸಹಜವಾಗಿ, "ಹೇಳಪ್ಪ ನಂಜಪ್ಪ" ಎಂದರು. ನಾನು ನಿಜವನ್ನೇ ಹೇಳುತ್ತೇನೆಂಬುದರಲ್ಲಿ ಅವರಿಗೆ ಸ್ವಲ್ಪವೂ ಅನುಮಾನವಿರಲಿಲ್ಲ.

"ಇರಲಿಲ್ಲ ಅಯ್ಯ" ಎಂದೆ. "ನಾನು ಬಿಚ್ಚಿ ಹಾಕಿ ಲೈನ್ ಕೊಟ್ಟು ಹೋಗಿದ್ದೆ."

ಬರೆದುಕೊಳ್ಳುವವರು ಯಾರ ತೋಟ ಎಂದು ಕೇಳಿದಾಗ ಅವರ ಹೆಸರನ್ನು ಪೂರ್ತಿಯಾಗಿ ಹೇಳಿ, ಗರಿ ಇರಲಿಲ್ಲವೆಂದು ಬರೆಸಿದೆ. ಅಯ್ಯ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಆಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವರು ಟಿ.ಸಿ.ಯ ದಿಕ್ಕಿಗೆ ಒಮ್ಮೆ ನೋಡಿದರು. "ಬಿಚ್ಚಿದ್ಯಾ?" ಎಂದರು. ಮತ್ತೆ ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ, "ಹಂಗಾರೆ ನಾನು ನೋಡಿದ್ದು ಏನು?" ಎಂದರು.

ಹೊನ್ನಮ್ಮ ಎದ್ದು ಬಂದು ಅವರ ಮುಖಕ್ಕೆ ಉಗಿದಳು. "ನಿನ್ ಕಾಯಿ ಆಸೆಗೆ ನನ್ ಗಂಡನ್ನ ತಿಂದ್ಯಲ್ಲೋ!" ಅಯ್ಯ ಒರೆಸಿಕೊಳ್ಳಲಿಲ್ಲ.

ಅವರ ಮೇಲೆ ಹಾಕಿದ ಕೇಸು ಕೆಲವು ವರ್ಷ ಎಳೆದು ಸಾಕ್ಷಿಯಿಲ್ಲದೆ ಬಿದ್ದುಹೋಯಿತು. ನನಗೆ ಒಂದು ಎಚ್ಚರಿಕೆ ಪತ್ರವೂ ಬರಲಿಲ್ಲ. ಊರಿನ ಬಾಯಿ ಮಾತ್ರ ಕೋರ್ಟಿನಂತೆ ಬಿಡಲಿಲ್ಲ. ಅಯ್ಯ ತಮ್ಮ ತೋಟದ ಒಂದು ಮೂಲೆಯನ್ನು ಹೊನ್ನಮ್ಮನ ಹೆಸರಿಗೆ ಮಾಡಿದರು. "ತಪ್ಪು ಮಾಡ್ದೋರು ತಾನೇ ಕೊಡೋದು?" ಎಂದರು ಜನ. ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಯಲು ಕರೆದರೆ, ಹಿಂದೆಲ್ಲ ಊರೇ ಬರುತ್ತಿತ್ತು, ಆ ವರ್ಷ ಬಂದದ್ದು ಅವರ ಗಾಡಿ ಮತ್ತು ಅವರ ಮಕ್ಕಳು. ಗಿರಿಜಮ್ಮನವರು ಸೆರಗು ಸಿಕ್ಕಿಸಿಕೊಂಡು ಬಾಣಲಿ ಹೊತ್ತರು. ಏರಿಯ ಮೇಲೆ ಕೂತು ಬೀಡಿ ಸೇದುತ್ತಿದ್ದವರಲ್ಲಿ ಒಬ್ಬ, "ಅಯ್ಯನೋರ್ ಜೊತೆ ಹೋದ್ರೆ ವಾಪಸ್ ಬರೋ ಗ್ಯಾರಂಟಿ ಇಲ್ಲ ಕಣ್ಲಾ" ಎಂದ. ಉಳಿದವರು ನಕ್ಕರು. ಆ ಹೊತ್ತಿಗೆ ನಾನು ಪಕ್ಕದ ಕಂಬದ ಮೇಲಿದ್ದೆ. ಎಲ್ಲ ಕೇಳಿಸಿತು.

ಆದರೂ ಅವರು ನಿಲ್ಲಿಸಲಿಲ್ಲ. ಗಿಡ ನೆಡುವುದು, ಹೂಳು ತೆಗೆಯುವುದು, ಬುತ್ತಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುವುದು ಎಲ್ಲ ನಡೆಯಿತು. ಒಂದು ಮಾತ್ರ ಬದಲಾಯಿತು. ಅವರು ತಿಪಟೂರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರಂತೆ. ಇವರೇ ಹಟ ಹಿಡಿದು ಕನ್ನಡಕ ಹಾಕಿಸಿಕೊಂಡರಂತೆ. ಇದನ್ನು ಹೇಳಿದವರು ಗಿರಿಜಮ್ಮನವರು. "ನೋಡಪ್ಪ, ಸುಮ್‌ಸುಮ್ನೆ ಗಾಜು. ಏನ್ ಹೇಳಿದ್ರೂ ಕೇಳಲ್ಲ" ಎಂದು ನನಗೆ ಮುದ್ದೆ ಬಡಿಸುತ್ತ ಹೇಳಿದರು. ಹೌದು, ಆ ಮನೆಯಲ್ಲಿ ಆಮೇಲೂ ನನಗೆ ಊಟ ಹಾಕುತ್ತಿದ್ದರು. ಉಣ್ಣದಿದ್ದರೆ ಏಕೆಂದು ಕೇಳುತ್ತಾರೆಂದು ನಾನು ಉಣ್ಣುತ್ತಿದ್ದೆ.

ಎಂಬತ್ತರ ದಶಕದಲ್ಲಿ ಒಂದು ದಿನ ಅವರ ಜೊತೆ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ಮೊಮ್ಮಗಳು ಅವರ ಬೆರಳು ಹಿಡಿದಿದ್ದಳು. ಆಚೆ ದಡದ ಮೇಲೆ ಏನೋ ಹಾರುತ್ತಿತ್ತು. ಅಯ್ಯ ಬಹಳ ಹೊತ್ತು ನೋಡಿದರು. ಆಮೇಲೆ ಮಗುವನ್ನು ಕೇಳಿದರು. "ಅದು ಹದ್ದೇನವ್ವ? ಸರಿಯಾಗಿ ನೋಡಿ ಹೇಳು." ಮಗು "ಹೂಂ ತಾತ" ಎಂದಿತು. "ಹಂಗಾರೆ ಹದ್ದೇ" ಎಂದರು.

ಹನುಮಯ್ಯನನ್ನು ಕೊಂದದ್ದು ನನ್ನ ಸೋಮಾರಿತನ. ಅಯ್ಯನ ಕಣ್ಣಿಗೆ ಇದನ್ನು ಮಾಡಿದ್ದು ಸೋಮಾರಿತನವಲ್ಲ.

ಕಾಲ ಬದಲಾಯಿತು. ಹಿಡಿಗಳಿಗೆ ಬೀಗ ಬಂತು, ಕೆಂಪು ಹಲಗೆ ಬಂತು, ಫೋನಿನಲ್ಲಿ ಕೇಳಿ ಲೈನ್ ತೆಗೆದುಕೊಳ್ಳುವ ಕ್ರಮ ಬಂತು. ಗರಿ ಕಟ್ಟುವುದು ಹಳಬರ ನೆನಪಿನಲ್ಲಿ ಉಳಿಯಿತು. ನನ್ನ ನಿವೃತ್ತಿ ಹತ್ತಿರವಾದಾಗ ಅಯ್ಯನೇ ಹೇಳಿಕಳಿಸಿದರು. ಆಗ ಅವರಿಗೆ ಎಂಬತ್ತು ದಾಟಿತ್ತು. ತೋಟದ ಮಂಚದ ಮೇಲೆ ಕೂತಿದ್ದರು, ಕನ್ನಡಕ ಕೈಯಲ್ಲಿತ್ತು.

"ಕೂತ್ಕೊ ನಂಜಪ್ಪ. ಒಂದು ಕೇಳ್ತೀನಿ. ಕೇಸಿಗಲ್ಲ, ಊರಿಗಲ್ಲ, ಯಾರ್ಗೂ ಹೇಳಾಕಿಲ್ಲ. ನನ್ ಕಣ್ಣಿಗೆ ಬೇಕು ಅಷ್ಟೆ. ಆವತ್ತು ಗರಿ ಇತ್ತಾ?"

ಇನ್ನು ಯಾವ ಸಾಹೇಬನ ಹೆದರಿಕೆಯೂ ಇರಲಿಲ್ಲ. ಯಾವ ಕೇಸೂ ಇರಲಿಲ್ಲ. ನನ್ನ ಪಿಂಚಣಿ, ಅದಕ್ಕೇನಾಗುವುದೋ ಎಂಬ ಒಂದು ಯೋಚನೆ ಹಾವಿನಂತೆ ಹಾದುಹೋಯಿತು. ಅದೂ ಪೂರ್ತಿ ನಿಜವಲ್ಲ. ಇಷ್ಟು ವರ್ಷ ಆ ಮನೆಯ ಅನ್ನ ತಿಂದವನು ಈಗ ಇತ್ತು ಎಂದರೆ ಆ ಅನ್ನವೆಲ್ಲ ಏನಾಗಬೇಕು, ಅದು ನನ್ನ ಬಾಯಿ ಕಟ್ಟಿತು.

"ಇರಲಿಲ್ಲ ಅಯ್ಯ."

ಅವರು ತಲೆಯಾಡಿಸಿದರು. "ಸರಿ ಬುಡು" ಎಂದರು. ಕನ್ನಡಕ ಹಾಕಿಕೊಂಡರು. "ಊಟ ಮಾಡ್ಕೊಂಡು ಹೋಗು."

ತೊಂಬತ್ತು ದಾಟಿ ಅವರು ತೀರಿಕೊಂಡರು. ಶಾಲೆಯಲ್ಲಿ ಸಂತಾಪ ಸಭೆ ಮಾಡಿದರು. ಹೂಳಿಗೆ ಬಾರದವರೆಲ್ಲ ಬಂದಿದ್ದರು. ದಾರಿಯ ಹೊಂಗೆ ಮರಗಳು ಅಷ್ಟು ಹೊತ್ತಿಗೆ ಕಮಾನು ಕಟ್ಟಿದ್ದವು. ಎಲ್ಲರೂ ಅದರ ನೆರಳಿನಲ್ಲೇ ನಡೆದು ಬಂದಿದ್ದರು. ಹಳೆಯ ಲೈನ್‌ಮನ್ ಎಂದು ನನ್ನನ್ನೂ ಮಾತಾಡಲು ಕರೆದರು. ಆಚೆ ಕೇರಿಯ ಬೆಳಕಿಗಾಗಿ ಅವರು ಮರಗಳನ್ನು ಬಿಟ್ಟುಕೊಟ್ಟದ್ದನ್ನು ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಇಳಿದು ಬಂದು ಕೂತೆ.

ಆ ಚಪ್ಪಾಳೆ ನನ್ನನ್ನು ಹೊನ್ನಮ್ಮನ ಮನೆಗೆ ಕಳಿಸಿತು. ಮುದುಕಿಯಾಗಿದ್ದಳು. ಅಯ್ಯ ಕೊಟ್ಟ ತೋಟದ ಮೂಲೆಯಲ್ಲೇ ಮನೆ. ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತ ಕೂತಿದ್ದಳು. ಎಲ್ಲ ಹೇಳಿದೆ. ತಪ್ಪಾಯಿತು ತಾಯಿ ಎಂದು ಕಾಲು ಮುಟ್ಟಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಕಡ್ಡಿ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ನಾನು ಅವ್ರ ಮಕಕ್ಕೆ ಉಗ್ದಿದ್ದೆ" ಎಂದಳು. "ದಾರೀಲಿ ಎದುರಾದ್ರೆ ಅವ್ರು ಇರೋ ಗಂಟ್ಲೂ ಮಕ ತಿರುಗಿಸ್ತಿದ್ದೆ. ಅವ್ರು ನಿಂತ್ಕೊಂಡು ಮಕ್ಳು ಚೆನ್ನಾಗವ್ರಾ ಹೊನ್ನಮ್ಮ ಅನ್ನೋರು. ಹೋದ್ ತಿಂಗ್ಳಾದ್ರೂ ಬಂದು ಹೇಳಿದ್ರೆ ನಾನು ಹೋಗಿ ಅವ್ರ ಕಾಲಿಗೆ ಬೀಳ್ತಿದ್ನಲ್ಲೋ. ಅದನ್ನೂ ಕಿತ್ಕೊಂಡ್ಯಲ್ಲ." ಕಡ್ಡಿಯ ಕಟ್ಟನ್ನು ನೆಲಕ್ಕೆ ಕುಟ್ಟಿ ಸಮ ಮಾಡಿದಳು. "ನಂಗೆ ಹೇಳಿದ್ಯ, ಆಯ್ತು. ಅವ್ರಿಗೆ ಯಾರ್ಲಾ ಹೇಳೋರು? ಎದ್ದೋಗು."

ಎದ್ದು ಬಂದೆ.

ಹುಡುಗರೇ, ಬೀಗ ಹಾಕಿ, ಹಲಗೆ ತೂಗುಹಾಕಿ, ಕೈಗವಸು ಕೇಳಿ ಪಡೆಯಿರಿ. ಇದನ್ನೆಲ್ಲ ನಿಮಗೆ ತರಬೇತಿಯಲ್ಲೇ ಹೇಳಿರುತ್ತಾರೆ. ಕೆಲಸ ಮುಗಿಸಿ ಹೊರಡುವಾಗ ನಿಮ್ಮ ಗುರುತನ್ನು ನಂಬಿಕೊಂಡು ಯಾರು ನಿಂತಿದ್ದಾರೆಂದು ಒಮ್ಮೆ ತಿರುಗಿ ನೋಡಿ. ನಾನು ಹೇಳಬೇಕೆಂದದ್ದು ಇಷ್ಟೇ.

ಇಷ್ಟು ಬರೆದರೂ ಅವರ ಹೆಸರು ಬರೆಯಲಿಲ್ಲ. ಆ ಹೆಸರನ್ನು ನಾನು ಬಾಯಿಬಿಟ್ಟು ಪೂರ್ತಿಯಾಗಿ ಹೇಳಿದ್ದು ಒಂದೇ ಸಲ, ಶಾಲೆಯ ಜಗಲಿಯಲ್ಲಿ, ಸುಳ್ಳಿನ ಜೊತೆ ಸೇರಿಸಿ. ಇನ್ನೊಂದು ಸಲ ಹೇಳುತ್ತೇನೆ. ನಿಮ್ಮ ಕಣ್ಣು ಸರಿಯಾಗಿಯೇ ಇತ್ತು. ಗರಿ ಇತ್ತು, ಕಲ್ಲೇಶಪ್ಪನವರೇ.